ಒಲ್ಲೆ ಎನ್ನಲು ಬಾರದ ಕೇರಿ

ನಮ್ಮ ಮನೆತನದ ಗದ್ದೆಗಳೆಲ್ಲ ಎಪ್ಪತ್ತರ ದಶಕದ ಭೂಸುಧಾರಣೆಯಲ್ಲಿ ಗೇಣಿದಾರರ ಪಾಲಾದವು. ನ್ಯಾಯವಾಗಿಯೇ ಆದವು, ಆ ಬಗ್ಗೆ ನನ್ನ ತಕರಾರಿಲ್ಲ. ಪಿತ್ರಾರ್ಜಿತವಾಗಿ ಬಂದದ್ದರಲ್ಲಿ ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಚಿಂತೆಯೊಂದೇ. ಅದಕ್ಕೆ ಮಾತ್ರ ಯಾವ ಗೇಣಿದಾರನೂ ಅರ್ಜಿ ಹಾಕಲಿಲ್ಲ. ಸಾಗರದಲ್ಲಿ ವಕೀಲಿಕೆಯ ಬೋರ್ಡು ತೂಗುಹಾಕಿದಾಗ ಆ ಆಸ್ತಿಯನ್ನೂ ಜೊತೆಯಲ್ಲೇ ತಂದುಕೊಂಡೆ. ಆಫೀಸಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಅಲ್ಲಿಂದ ಹಿಂದಿರುಗಿ ಬೀಗ ಜಗ್ಗಿ ನೋಡುವುದು ನನ್ನ ನಿತ್ಯಕರ್ಮ. ಇಂಥವನ ಹೆಗಲಿಗೆ ಎಂಬತ್ತರ ದಶಕದ ನಡುವಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಬಂದು ಬಿತ್ತು.

ಹೊಸನಗರ ತಾಲ್ಲೂಕಿನಲ್ಲಿ, ನಗರವೆಂಬ ಊರಿನ ಹಳೆಯ ಕೋಟೆ ದಾಟಿ ಬಹಳ ಒಳಗೆ, ಹಸಲರೆಂಬ ಬುಡಕಟ್ಟಿನವರ ಒಂದು ಪುಟ್ಟ ಕೇರಿಯಿತ್ತು. ಗುಡ್ಡದ ಬುಡದಲ್ಲಿ ಹತ್ತಕ್ಕೆ ಮೀರದ ಹುಲ್ಲಿನ ಮನೆಗಳು, ಪಕ್ಕದಲ್ಲಿ ಒಂದು ಹಳ್ಳ, ಹಿಂದೆ ಆಳೆತ್ತರದ ಮಣ್ಣಿನ ದರೆ, ದರೆಯ ಮೇಲೆ ಕಾಡು. ಸೀಗೆಕಾಯಿ, ಜೇನು, ವಾಟೆಹುಳಿ ತಂದು ಮಾರುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು, ಕರೆದರೆ ತೋಟದ ಕೆಲಸಕ್ಕೂ ಬರುತ್ತಿದ್ದರು, ಕೆಲವೊಮ್ಮೆ ಬರುತ್ತಿರಲಿಲ್ಲ. ಉತ್ತವನಿಗೆ ಭೂಮಿ ಕೊಟ್ಟ ಕಾನೂನು ಇವರ ಹತ್ತಿರ ಬಂದು ತಬ್ಬಿಬ್ಬಾಯಿತು. ಇವರು ಯಾರ ಗದ್ದೆಯನ್ನೂ ಉತ್ತಿರಲಿಲ್ಲ, ಯಾರಿಗೂ ಗೇಣಿ ಅಳೆದಿರಲಿಲ್ಲ. ಕಾನೂನಿನ ಕಣ್ಣಿಗೆ ಇವರು ಕಾಡಿನಲ್ಲಿ ಕೆಲವು ತಲೆಮಾರುಗಳಿಂದ ದಣಿವಾರಿಸಿಕೊಳ್ಳುತ್ತಿರುವ ದಾರಿಹೋಕರು.

ಆ ಗುಡ್ಡಕ್ಕೆ ಅಕೇಶಿಯ ನೆಡುವುದೆಂದು ಸರ್ಕಾರದ ಯೋಜನೆಯಾಯಿತು. ಕೇರಿಯವರಿಗೆ ಹೊಸನಗರದ ರಸ್ತೆಬದಿಯಲ್ಲಿ ಹಂಚಿನ ಮನೆಗಳ ಒಂದು ಕಾಲೊನಿ ಕಟ್ಟಿಕೊಡುವುದೆಂದೂ ಆಯಿತು. ನಾನು ಆ ಕಾಲೊನಿಯನ್ನು ಹೋಗಿ ನೋಡಿಬಂದೆ. ನಾಲ್ಕು ದಿಕ್ಕಿಗೂ ಜಂಬಿಟ್ಟಿಗೆ ನೆಲ. ಸೀಗೆಯಿಲ್ಲ, ಬಿದಿರಿಲ್ಲ, ಹಳ್ಳವಿಲ್ಲ. ಒಂದು ನಲ್ಲಿ ಇತ್ತು. ಅದರಲ್ಲಿ ನೀರು ಬರುವ ಬಗ್ಗೆ ಎಲ್ಲರಿಗೂ ಸದಭಿಪ್ರಾಯವಿತ್ತು.

ಕೇರಿಯ ಯಜಮಾನ ನನ್ನ ಆಫೀಸಿನ ಜಗಲಿಗೆ ಬಂದು ಕೂತದ್ದು ಆಗ. ನಡುವಯಸ್ಸು ದಾಟಿದವನು, ಸಣಕಲು ಮೈ, ಮಾತು ಕಡಿಮೆ. ಬೆಳಿಗ್ಗೆ ಬಂದವನು ಮಧ್ಯಾಹ್ನದವರೆಗೂ ಕೂತೇ ಇದ್ದ.

"ಎಂತ ಆಗ್ಬೇಕಿತ್ತು?" ಎಂದು ಕೇಳಿದೆ.

"ಎಂತ ಇಲ್ಲ ಅಯ್ಯಾ. ಸುಮ್ನೆ ಬಂದಿದ್ದೆ."

"ಹೊಸನಗರದಿಂದ ಬಸ್ಸು ಹತ್ತಿ ಸುಮ್ನೆ ಯಾರಾದ್ರೂ ಬರ್ತಾರಾ ಮಾರಾಯ?"

"ನಮ್ಮನ್ನ ಏಳಿಸ್ತಾರಂತೆ," ಎಂದ, ಬೇರೆ ಯಾರದೋ ಸುದ್ದಿ ಹೇಳುವವನಂತೆ. "ಏಳಿಸಿದ್ರೆ ನಾವು ಉಳಿಯಲ್ಲ ಅಯ್ಯಾ."

ನಾನು ಕಾನೂನಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆ. ಒಂದರಲ್ಲೂ ಈ ಕೇರಿಗೆ ಕಾಲೂರಲು ಜಾಗವಿರಲಿಲ್ಲ. ಆ ಹೊತ್ತಿಗೆ ತೀರ್ಥಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಜಾಗದ ವ್ಯಾಜ್ಯದ ಸಲುವಾಗಿ ನನ್ನಲ್ಲಿಗೆ ಬರುತ್ತಿದ್ದರು. ಜಗತ್ತಿನ ಸಮಸ್ತ ವಿದ್ಯಮಾನಗಳಿಗೂ ತಾವೇ ಜವಾಬ್ದಾರರೆಂಬಂತೆ ಇಂಗ್ಲಿಷ್ ಪತ್ರಿಕೆಗಳನ್ನು ಓದುವವರು. ನನ್ನ ಪೇಚಾಟ ಕೇಳಿದವರೇ ಮುಂದಿನ ಸಲ ಬರುವಾಗ ಒಂದು ತೆಳ್ಳನೆಯ ಪುಸ್ತಿಕೆ ತಂದು ಮೇಜಿನ ಮೇಲಿಟ್ಟರು.

"ಓದಿ ವಕೀಲ್ರೆ. ಜಿನೀವಾದಲ್ಲಿ ಆದದ್ದು. ನಿಮ್ಮ ಕೇರಿಯವ್ರಿಗೆ ಅಂತಲೇ ಮಾಡಿದ ಹಾಗಿದೆ."

ಓದಿದೆ. ಆದಿವಾಸಿ ಮತ್ತು ಬುಡಕಟ್ಟು ಜನರನ್ನು ಕುರಿತು ಹಲವು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ. ಅಂಥ ಜನ ಪರಂಪರೆಯಿಂದ ಬದುಕಿಕೊಂಡು ಬಂದ ನೆಲದ ಮೇಲೆ ಅವರ ಒಡೆತನವನ್ನು ಒಪ್ಪಬೇಕು. ಅವರ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಅಲ್ಲಿಂದ ಏಳಿಸಬಾರದು ಎಂಬುದು ಅದರ ತಾತ್ಪರ್ಯ. ಹಿಂದೆಯೇ ಒಂದಷ್ಟು ವಿನಾಯಿತಿಗಳೂ ಇದ್ದವು. ದೇಶದ ಭದ್ರತೆ, ಆರ್ಥಿಕ ಅಭಿವೃದ್ಧಿ ಇತ್ಯಾದಿ. ಅಂದರೆ ಮನೆಗೆ ಭದ್ರವಾದ ಬಾಗಿಲು ಇಟ್ಟು, ಪಕ್ಕದಲ್ಲೇ ಒಂದು ಜೀಪು ನುಗ್ಗುವಷ್ಟು ಸಂದು ಬಿಟ್ಟಿದ್ದರು. ಆದರೂ ಅದು ಬಾಗಿಲೇ. ನಮ್ಮ ದೇಶ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿಯೂ ಆಗಿತ್ತು. ಅದೂ ನಾನು ಹೈಸ್ಕೂಲಿನಲ್ಲಿ ಬೀಜಗಣಿತಕ್ಕೆ ಹೆದರಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಕಾಲದಲ್ಲೇ! ಇಷ್ಟು ವರ್ಷ ಅದು ನಗರದ ಕೋಟೆ ದಾಟಿ ಒಳಗೆ ಬಂದಿರಲಿಲ್ಲ, ಅಷ್ಟೇ. ಆ ಕಡೆ ಬಸ್ಸುಗಳೂ ಕಡಿಮೆ.

ಹೆಂಡತಿಗೆ ಓದಿ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗದೆ ಕೇಳಿದಳು: "ಒಪ್ಪಂದ ಮಾಡ್ಕೊಂಡವ್ರಿಗೆ ಆ ಕೇರಿ ಗೊತ್ತಾ?"

"ಇಲ್ಲ."

"ಕೇರಿಯವ್ರಿಗೆ ಒಪ್ಪಂದ ಗೊತ್ತಾ?"

"ಇಲ್ಲ."

"ಹಾಗಾದ್ರೆ ನಡುವೆ ಗೊತ್ತಿರೋರು ನೀವೊಬ್ರೇ. ಅದಕ್ಕೇ ಎರಡು ದಿನದಿಂದ ಊಟ ಸೇರ್ತಿಲ್ಲ ನಿಮಗೆ."

ಪುಸ್ತಿಕೆಯನ್ನು ಅರ್ಜಿಯ ಜೊತೆಗಿಟ್ಟುಕೊಂಡು ಸಾಗರದಲ್ಲಿದ್ದ ಹಿರಿಯ ಅಧಿಕಾರಿಯ ಮುಂದೆ ಹೋಗಿ ನಿಂತೆ. ಸಾಹೇಬರು ಇನ್ನೂ ಎಳೆಯ ಪ್ರಾಯದವರು, ಬಯಲುಸೀಮೆಯ ಕಡೆಯವರು. ಎದುರಿಗಿದ್ದವನ ಮಾತು ಮುಗಿಯುವವರೆಗೆ ಕೇಳುವ ವಿಚಿತ್ರ ಅಭ್ಯಾಸವಿತ್ತು ಅವರಿಗೆ.

"ಇದು ಕೋರ್ಟಲ್ಲಿ ನಿಲ್ಲುತ್ತೇನ್ರಿ?"

"ತಾನಾಗಿ ನಿಲ್ಲಲ್ಲ ಸಾರ್. ಆದ್ರೆ ದೇಶ ಕೊಟ್ಟ ಮಾತು ಅದು."

ಅವರು ಪುಸ್ತಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಆಯ್ತು. ನಾನೇ ಬರ್ತೀನಿ. ಕೇರಿಯವ್ರನ್ನ ನಾನೇ ಕೇಳ್ತೀನಿ, ಹೋಗೋಕೆ ಮನಸ್ಸಿದೆಯೋ ಇಲ್ಲವೋ ಅಂತ. ಇಲ್ಲ ಅಂದ್ರೆ ಇಲ್ಲ ಅಂತಲೇ ಬರೆದು ಮೇಲಕ್ಕೆ ಕಳಿಸ್ತೀನಿ. ಹೂಂ ಅಂದ್ರೆ ಮಾತ್ರ ನನ್ನ ಹತ್ರ ಮತ್ತೆ ಬರಬೇಡಿ."

ಇದಕ್ಕಿಂತ ಹೆಚ್ಚಿನದನ್ನು ಯಾವ ವಕೀಲ ಕೇಳಲು ಸಾಧ್ಯ? ಮೆಟ್ಟಿಲಿಳಿಯುವಾಗ ಮಾತ್ರ ಅರ್ಧಕ್ಕೇ ನಿಂತೆ. ಏಕೆಂದರೆ ಆ ಕೇರಿಯವರು ಬಿಳಿ ಬಟ್ಟೆ ಹಾಕಿದವನ ಮುಖ ನೋಡಿ 'ಇಲ್ಲ' ಎಂದದ್ದನ್ನು ನಾನಂತೂ ಕಂಡಿರಲಿಲ್ಲ. ಎದುರು ನಿಂತವನಿಗೆ ಇಲ್ಲವೆನ್ನುವುದು ಅವರಲ್ಲಿ ಅವನ ಮುಖಕ್ಕೆ ನೀರೆರಚಿದಷ್ಟೇ ಅಸಭ್ಯ. 'ನಾಳೆ ಕೆಲಸಕ್ಕೆ ಬರ್ತೀರಾ' ಎಂದು ತೋಟದವರು ಕೇಳಿದರೆ ಹೂಂ ಎನ್ನುತ್ತಾರೆ. ಬರುವ ಮನಸ್ಸಿದ್ದರೂ ಹೂಂ, ಇಲ್ಲದಿದ್ದರೂ ಹೂಂ. ಈ ಮರ್ಯಾದೆಗೆ ನಮ್ಮ ಕಡೆಯ ಜಮೀನ್ದಾರರು ಸುಳ್ಳು, ಸೋಮಾರಿತನ ಎಂದೆಲ್ಲ ಹೆಸರಿಟ್ಟಿದ್ದರು.

ಈಗ ಜಗತ್ತಿನ ದೇಶಗಳೆಲ್ಲ ಸೇರಿ ಇವರ ಬಾಯಿಂದ ಒಂದು 'ಇಲ್ಲ' ಕೇಳಲು ಕಾದು ಕೂತಿದ್ದವು.

ಸಾಹೇಬರು ಬರುವ ಮುಂಚಿನ ವಾರ ನಾನು ಕೇರಿಗೆ ಹೋದೆ. ಮಾಘದ ಬಿಸಿಲು ಏರುತ್ತಿತ್ತು. ಅಂಗಳಗಳಲ್ಲಿ ಸೀಗೆಕಾಯಿ ಒಣಗುತ್ತಿತ್ತು. ಎಲ್ಲರನ್ನೂ ಹಲಸಿನ ಮರದ ಕೆಳಗೆ ಕೂರಿಸಿ, ಒಪ್ಪಂದದ ಸಾರವನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಜಿನೀವಾ ಎಲ್ಲಿದೆ ಎಂದು ಯಜಮಾನನ ಹೆಂಡತಿ ಕೇಳಿದಳು. ತಾಳಗುಪ್ಪದ ರೈಲಿನಲ್ಲಿ ಹೋದರೆ ಸಿಗುವುದಿಲ್ಲ, ಅದಕ್ಕಿಂತ ಆಚೆ ಎಂದೆ.

"ಅಷ್ಟು ದೂರದವ್ರಿಗೆ ನಮ್ಮ ಮೇಲೆ ಎಂತ ಸಿಟ್ಟು?" ಎಂದಳು.

"ಸಿಟ್ಟಲ್ಲಮ್ಮ. ಪ್ರೀತಿ."

ಅದು ಅವಳಿಗೆ ಇನ್ನಷ್ಟು ಗಾಬರಿ ಹುಟ್ಟಿಸಿದಂತೆ ಕಂಡಿತು.

ಅನಂತರ ತಾಲೀಮು ಶುರುವಾಯಿತು. ಹೆಗ್ಗೋಡಿನ ಕಡೆ ನಾಟಕದವರು ಹೇಗೆ ತಾಲೀಮು ಮಾಡುತ್ತಾರೋ ಕಾಣೆ, ನಮ್ಮದು ಹೀಗಿತ್ತು. ನಾನು ಸಾಹೇಬನಾದೆ. ಕೋಟಿನ ಗುಂಡಿ ಹಾಕಿಕೊಂಡು, ಎರಡೂ ಕೈ ಬೆನ್ನಿಗೆ ಕಟ್ಟಿ ಯಜಮಾನನ ಮುಂದೆ ನಿಂತೆ.

"ಏನಪ್ಪಾ, ಈ ಜಾಗ ಬಿಟ್ಟು ಕಾಲೊನಿಗೆ ಹೋಗೋಕೆ ನಿಮಗೆ ಒಪ್ಪಿಗೆಯಾ?"

"ಹೂಂ ಅಯ್ಯಾ."

"ಹೂಂ ಅಲ್ಲ ಮಾರಾಯ! ಇಲ್ಲ ಅನ್ನಬೇಕು."

"ಹೂಂ ಅಯ್ಯಾ."

"ಮತ್ತೆ ಕೇಳ್ತೀನಿ. ಒಪ್ಪಿಗೆಯಾ?"

ಯಜಮಾನ ನನ್ನ ಕಾಲಿನತ್ತ ನೋಡಿದ, ಮರದತ್ತ ನೋಡಿದ, ಬೆವರೊರೆಸಿಕೊಂಡ. ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಕೊನೆಗೆ ಅವನು ದೀನನಾಗಿ, "ನೀವು ಇಷ್ಟು ದೂರ ಬಂದು ಕೇಳ್ತಿರುವಾಗ ಹೆಂಗೆ ಅಯ್ಯಾ..." ಎಂದ.

ಅವನ ಮಗಳು ಸ್ವಲ್ಪ ಗಟ್ಟಿಗಿತ್ತಿ. "ನಾ ಹೇಳ್ತೀನಿ ತಡಿ" ಎಂದು ಎದ್ದು ನಿಂತಳು. ನಾನು ಪ್ರಶ್ನೆ ಕೇಳಿದೆ. ಅವಳು ನನಗೆ ಬೆನ್ನು ಹಾಕಿ ಹಲಸಿನ ಮರಕ್ಕೆ ಮುಖ ಕೊಟ್ಟು, "ಒಲ್ಲೆ" ಎಂದಳು. ಎಲ್ಲರೂ ಹೋ ಎಂದು ನಕ್ಕರು. ಮರಕ್ಕೆ ಹೇಳಿದರೂ ನಡೆಯುತ್ತದೆ, ಸಾಹೇಬರ ಕಿವಿಗೆ ಬಿದ್ದರೆ ಸಾಕು ಎಂದು ತೀರ್ಪು ಕೊಟ್ಟೆ. ಹೂಂ ಎಂದು ಮಾತ್ರ ಯಾರೂ ಅನ್ನಬಾರದು, ಅಂದರೆ ಕೇರಿ ಹೋಯಿತು ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆ ಗಾಂಭೀರ್ಯ ನೋಡಿ ನನಗೆ ಸ್ವಲ್ಪ ನೆಮ್ಮದಿಯಾಯಿತು. ಬಸ್ಸಿನಲ್ಲಿ ಕೂತ ಮೇಲೆ ಆ ನೆಮ್ಮದಿಯ ಬಗ್ಗೆಯೇ ಚಿಂತೆ ಹತ್ತಿತು.

ಗೊತ್ತಾದ ದಿನ ಜೀಪು ಹೊರಟಿತು. ಮುಂದೆ ಸಾಹೇಬರು, ಹಿಂದೆ ನಾನು, ನನ್ನ ಪಕ್ಕದಲ್ಲಿ ಒಬ್ಬ ಗುಮಾಸ್ತರು. ಗುಮಾಸ್ತರಿಗೆ ಈ ಪ್ರವಾಸ ಸ್ವಲ್ಪವೂ ಇಷ್ಟವಿರಲಿಲ್ಲ. ಹೊಸನಗರ ದಾಟುವವರೆಗೂ ತಮ್ಮ ಸೊಂಟದ ನೋವನ್ನು ವರ್ಣಿಸಿದರು. ನಾನು ಮನಸ್ಸಿನಲ್ಲೇ ಯಜಮಾನನ ಮಗಳ ಬಾಯಿಗೆ 'ಒಲ್ಲೆ' ತುಂಬುತ್ತಾ ಕೂತಿದ್ದೆ. ನಗರದಲ್ಲಿ ಚಹಾಕ್ಕೆ ನಿಂತಾಗ ಸಾಹೇಬರು, "ಏನ್ರಿ ವಕೀಲ್ರೆ, ನಿಮ್ಮ ಮುಖ ನೋಡಿದ್ರೆ ನಿಮ್ಮನ್ನೇ ಏಳಿಸೋಕೆ ಹೊರಟಂಗಿದೆಯಲ್ಲ" ಎಂದರು.

ಜೀಪು ನಿಲ್ಲಿಸಿ ಹಳ್ಳ ದಾಟಿದೆವು. ಕೇರಿಯ ಅಂಗಳಕ್ಕೆ ಬಂದು ನಿಂತೆವು. ಯಾರೂ ಇರಲಿಲ್ಲ.

ನಾನು ಕೂಗಿದೆ. ಒಂದು ಕೋಳಿ ಓಡಿತು. ಒಂದು ಮನೆಯ ತಡಿಕೆ ಸರಿಸಿ ನೋಡಿದೆ. ಒಲೆಯಲ್ಲಿ ಕೆಂಡ ಇನ್ನೂ ಬಿಸಿಯಾಗಿತ್ತು. ಗಂಜಿಯ ಗಡಿಗೆ ತೊಳೆದು ಬೋರಲು ಹಾಕಿತ್ತು. ಮನೆಯಿಂದ ಮನೆಗೆ ಓಡಾಡಿದೆ. ಹಲಸಿನ ಮರದ ಬುಡ ಗುಡಿಸಿ, ಒಂದು ಚಾಪೆ ಹಾಸಿ, ಅದರ ಮೇಲೆ ಎಲೆ ಅಡಿಕೆ ಇಟ್ಟಿದ್ದರು. ಅತಿಥಿ ಸತ್ಕಾರಕ್ಕೆ ಯಾವ ಕೊರತೆಯೂ ಇರಲಿಲ್ಲ. ಸತ್ಕರಿಸುವವರು ಮಾತ್ರ ಇರಲಿಲ್ಲ.

ಆಗ ನನಗೆ ಅರ್ಥವಾಯಿತು. ಹೂಂ ಎನ್ನಬಾರದೆಂದು ನಾನು ಹೇಳಿದ್ದೆ. ಇಲ್ಲವೆನ್ನಲು ಅವರಿಗೆ ಬಾರದು. ಹಾಗಾಗಿ ಬೇಡದ ಕೆಲಸಕ್ಕೆ ಕರೆ ಬಂದಾಗಲೆಲ್ಲ ತಮ್ಮ ಹಿರಿಯರು ಮಾಡುತ್ತಿದ್ದುದನ್ನೇ ಮಾಡಿದ್ದರು. ಕೇಳುವವನು ಬರುವ ಹೊತ್ತಿಗೆ ಕಾಡಿಗೆ ಹೋಗಿಬಿಡುವುದು. ಯಾರ ಮುಖಕ್ಕೂ ನೀರೆರಚದೆ, ಯಾರ ಮನಸ್ಸನ್ನೂ ನೋಯಿಸದೆ ಇಲ್ಲವೆನ್ನುವ ರೀತಿ ಅದು. ಕೇರಿಗೆ ಕೇರಿಯೇ ಒಕ್ಕೊರಲಿನಿಂದ ಇಲ್ಲ ಎಂದಿತ್ತು. ಜಿನೀವಾದ ಮಹನೀಯರು ಒಪ್ಪಿಗೆ ಎಂಬುದನ್ನು ಬಾಯಿಯ ವ್ಯವಹಾರವೆಂದು ಭಾವಿಸಿದ್ದರು. ಕಾಲಿನಲ್ಲಿ ಹೇಳುವವರ ವಿಚಾರ ಅವರ ಸಭೆಯ ಮುಂದೆ ಬಂದಿರಲಾರದು.

ಗುಮಾಸ್ತರು ಚಾಪೆಯ ಮೇಲೆ ಕೂತು ಅಡಿಕೆ ಬಾಯಿಗೆ ಹಾಕಿಕೊಂಡು ಸಂತೋಷದಿಂದ ಹೇಳಿದರು: "ಖಾಲಿ ಮಾಡಿದಾರೆ ಸಾರ್. ಕೇಳೋ ಪ್ರಮೇಯವೇ ಇಲ್ಲ. ಸ್ಥಳದಲ್ಲಿ ವಾಸ ಇಲ್ಲ ಅಂತ ಬರ್ಕೊಂಡ್ರೆ ಮುಗೀತು."

"ಒಲೆ ಬಿಸಿ ಇದೆ, ನೋಡ್ರಿ ನೀವೇ!" ಎಂದೆ.

"ಒಲೆಯನ್ನ ಕೇಳಿ ಬರ್ಕೊಳ್ಳೋಕಾಗುತ್ತಾ ವಕೀಲ್ರೆ?"

ಸಾಹೇಬರು ನನ್ನ ಕಡೆ ತಿರುಗಿದರು. "ಅವರನ್ನ ಕೇಳ್ತೀನಿ ಅಂತ ಮಾತು ಕೊಟ್ಟಿದ್ದೆ, ಬಂದೆ. ಯಾರನ್ನ ಕೇಳ್ಲಿ?"

ನಾನು ಪದ್ಧತಿಯನ್ನು ವಿವರಿಸಲು ಹೊರಟೆ. ಇಲ್ಲದಿರುವುದೇ ಅವರ ಉತ್ತರ ಎಂದೆ. ಬಿಸಿಲಿನಲ್ಲಿ ನಿಂತು ಹೇಳುವಾಗ ಅದು ನನ್ನ ಕಿವಿಗೇ ಸೋತ ವಕೀಲನ ವಾದದಂತೆ ಕೇಳಿಸಿತು. ಸಾಹೇಬರು ಎಂದಿನಂತೆ ಪೂರ್ತಿ ಕೇಳಿಸಿಕೊಂಡರು. "ಇರಬಹುದು. ಆದ್ರೆ ಓಡಿಹೋದವರೂ ಹೀಗೇ ಕಾಣ್ತಾರಲ್ರಿ," ಎಂದರು. ಗುಮಾಸ್ತರು ಕಾಗದ ತೆಗೆದರು.

ಆಗ ಕೊನೆಯ ಮನೆಯ ಹಿಂದಿನಿಂದ ಕೆಮ್ಮು ಕೇಳಿಸಿತು.

ಹೋಗಿ ನೋಡಿದರೆ ಅಲ್ಲಿ ಯಜಮಾನನ ತಾಯಿ, ಹಣ್ಣಾದ ಮುದುಕಿ, ಸೀಗೆಕಾಯಿಯ ರಾಶಿಯ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಒಂದು ಕಾಲು ಊದಿಕೊಂಡಿತ್ತು. ಉಳಿದವರ ಜೊತೆ ಹೊರಡಲಾಗಿರಲಿಲ್ಲ. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು, "ಬಂದ್ರಾ ಅಯ್ಯಾ? ಕವಳ ಇಟ್ಟಿದ್ರು, ಹಾಕ್ಕೊಂಡ್ರಾ?" ಎಂದು ವಿಚಾರಿಸಿದಳು.

ತಾಲೀಮಿನ ದಿನ ಅವಳು ಒಳಗೆ ಮಲಗಿದ್ದಳು. ಮರಕ್ಕೆ ಹೇಳಬಹುದೆಂಬ ನನ್ನ ತೀರ್ಪು ಅವಳಿಗೆ ತಿಳಿಯದು. ಇಡೀ ಕೇರಿಯ ಹಣೆಬರಹ ಈಗ ಈ ಮುದುಕಿಯ ಒಂದು ಮರ್ಯಾದೆಯ 'ಹೂಂ' ಮೇಲೆ ನಿಂತಿತ್ತು.

ಸಾಹೇಬರು ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತರು. "ಅಜ್ಜಿ, ಕಾಲೊನಿ ಕಟ್ಟಿದೀವಿ. ಹಂಚಿನ ಮನೆ. ಈ ಜಾಗ ಬಿಟ್ಟು ಅಲ್ಲಿಗೆ ಬರೋಕೆ ಮನಸ್ಸಿದೆಯಾ ನಿಮಗೆ?"

ಮುದುಕಿ ಅವರ ಮುಖ ನೋಡಿದಳು. ಅವಳು ಕೋಲು ಹುಡುಕಿದಳು. ಕೋಲೂರಿ ಎದ್ದಳು. ಎದ್ದು, ನಮಗೆ ಬೆನ್ನು ಹಾಕಿ, ಕಾಡಿನ ದಿಕ್ಕಿಗೆ ನಡೆಯತೊಡಗಿದಳು.

"ಅಜ್ಜಿ, ಎಲ್ಲಿಗೆ?"

ಊದಿದ ಕಾಲನ್ನು ಎಳೆದುಕೊಂಡು ಒಂದಿಷ್ಟು ನಡೆಯುವಳು, ನಿಲ್ಲುವಳು, ಉಸಿರು ತೆಗೆದುಕೊಂಡು ಮತ್ತೆ ನಡೆಯುವಳು. ಸಾಹೇಬರು ಹಿಂದೆಯೇ ಹೋಗಿ ಇನ್ನೊಮ್ಮೆ ಕೇಳಿದರು, ಸ್ವಲ್ಪ ಜೋರಾಗಿ. ಅವಳು ನಡಿಗೆಯನ್ನು ಸ್ವಲ್ಪ ಬೇಗ ಮಾಡಿದಳು. ಗುಮಾಸ್ತರು, "ಕಿವಿ ಕೇಳಲ್ಲ ಸಾರ್ ಅದಕ್ಕೆ" ಎಂದರು. ಕಿವಿ ಕೇಳದವಳಾದರೆ ಪ್ರಶ್ನೆ ಮುಗಿದ ಕೂಡಲೇ ಕೋಲು ಹುಡುಕುತ್ತಿರಲಿಲ್ಲ, ಎರಡನೆಯ ಸಲಕ್ಕೆ ನಡಿಗೆ ಬೇಗ ಮಾಡುತ್ತಿರಲಿಲ್ಲ.

ದರೆಯ ಬುಡದಲ್ಲಿ ಅವಳು ನಿಂತುಬಿಟ್ಟಳು. ಮೇಲಿನ ಕಾಡಿಗೆ ಹೋಗಲು ಮಣ್ಣಿನಲ್ಲಿ ಕಡಿದ ಮೆಟ್ಟಿಲುಗಳಿದ್ದವು. ಕೋಲನ್ನು ಮೊದಲ ಮೆಟ್ಟಿಲಿಗೆ ಊರಿದಳು, ಕಾಲು ಏಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು, ಮಣ್ಣು ಜಾರಿತು. ಹಿಂದೆ ತಿರುಗಿ ನೋಡಿದಳು. ಸಾಹೇಬರು ಇನ್ನೂ ಅಲ್ಲೇ ನಿಂತಿದ್ದರು. ಅವರು ನಿಂತಿರುವವರೆಗೆ ಅವಳಿಗೆ ಹಿಂದೆ ಬರುವಂತಿರಲಿಲ್ಲ. ಮೇಲೆ ಹೋಗಲೂ ಆಗುತ್ತಿರಲಿಲ್ಲ.

ಮೂರನೆಯ ಸಲ ಕೇಳುತ್ತಾರೆ ಎಂದುಕೊಂಡೆ. ಈ ಸಲ ದಣಿದು ಹೂಂ ಅಂದುಬಿಡುತ್ತಾಳೆ ಎಂದುಕೊಂಡೆ. ಸಾಹೇಬರು ಬಹಳ ಹೊತ್ತು ಅವಳನ್ನೇ ನೋಡುತ್ತಿದ್ದರು. ಆಮೇಲೆ ಬೂಟು ಕಳಚಿಟ್ಟು, ದರೆಯ ಮೆಟ್ಟಿಲು ಹತ್ತಿ, ಮೇಲಿನಿಂದ ಬಗ್ಗಿ ಕೈ ಚಾಚಿದರು. ಮುದುಕಿ ಸ್ವಲ್ಪ ಅನುಮಾನಿಸಿ ಅದನ್ನು ಹಿಡಿದುಕೊಂಡಳು. ಅವರು ಅವಳನ್ನು ಮೆಲ್ಲಗೆ ಒಂದೊಂದೇ ಮೆಟ್ಟಿಲು ಮೇಲಕ್ಕೆಳೆದುಕೊಂಡರು. ಮೇಲೆ ಹೋದವಳು ಅವರಿಗೆ ಕೈ ಮುಗಿದಳು. ಮುಗಿದು, ಮರಗಳ ನಡುವೆ ಹೊರಟುಹೋದಳು.

ಕೆಳಗೆ ಬಂದ ಸಾಹೇಬರ ಪ್ಯಾಂಟಿನ ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಗುಮಾಸ್ತರಿಗೆ ಹೇಳಿದರು: "ಬರ್ಕೊಳ್ಳಿ. ಕೇಳಲಾಯಿತು. ಒಪ್ಪಿಗೆ ಇಲ್ಲ."

"ಅವಳು ಎಂತದೂ ಹೇಳ್ಲೇ ಇಲ್ವಲ್ಲ ಸಾರ್?"

"ಇನ್ನು ಹೇಗೆ ಹೇಳ್ಬೇಕಿತ್ತು?"

ವರದಿ ಮೇಲೆ ಹೋಯಿತು. ಬಹಳ ಕಾಲದ ಮೇಲೆ ಒಂದು ಉತ್ತರ ಬಂತು: ಸದ್ಯಕ್ಕೆ ಕೇರಿಯನ್ನು ಬಿಟ್ಟು ಉಳಿದ ಗುಡ್ಡಕ್ಕೆ ನೆಡುವುದು. ಆ 'ಸದ್ಯಕ್ಕೆ' ನನ್ನನ್ನು ಅನೇಕ ವರ್ಷ ತಿಂದಿತು. ಸದ್ಯ ಎಂಬುದು ಎಷ್ಟು ಉದ್ದ ಎಂದು ಯಾವ ಕಾನೂನೂ ಹೇಳಿಲ್ಲ. ಹೊಸನಗರದ ಕಡೆ ಜೀಪು ಹೋಗುವುದು ಕಂಡರೆ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದೆ. ಸಾಹೇಬರಿಗೆ ವರ್ಗವಾಯಿತು. ದಶಕ ಮುಗಿಯುವ ಹೊತ್ತಿಗೆ ಜಿನೀವಾದಲ್ಲಿ ಆ ಒಪ್ಪಂದವನ್ನೇ ತಿದ್ದಿ ಹೊಸದನ್ನು ಮಾಡಿದರೆಂದು ತೀರ್ಥಹಳ್ಳಿಯ ಮೇಷ್ಟ್ರು ಪತ್ರಿಕೆಯ ತುಂಡು ತಂದು ತೋರಿಸಿದರು. ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿತ್ತಂತೆ. ನಮ್ಮ ದೇಶ ಅದಕ್ಕೆ ಇನ್ನೂ ಮುದ್ರೆ ಒತ್ತಿಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಸಾಹೇಬರು ಬಂದುಹೋದ ಮರುವಾರ ಯಜಮಾನ ನನ್ನ ಆಫೀಸಿಗೆ ಒಂದು ಬಾಟಲಿ ಜೇನು ಹಿಡಿದುಕೊಂಡು ಬಂದ. ಎಂದೂ ಇಲ್ಲದಷ್ಟು ಮಾತಾಡಿದ. ಸಾಹೇಬರು ಒಳ್ಳೆಯವರಂತೆ, ತಾಯಿಯನ್ನು ಕೈಹಿಡಿದು ಹತ್ತಿಸಿದರಂತೆ. ಕೇರಿಯಲ್ಲಿ ಎಲ್ಲರಿಗೂ ಅದೇ ಮಾತಂತೆ. ಆಮೇಲೆ ಕೇಳಿದ:

"ಆ ಥರದವ್ರು ಇನ್ನೊಂದ್ಸಲ ಬರ್ತಾರಾ ಅಯ್ಯಾ?"

"ಬರಬಹುದು. ಅವ್ರೇ ಬರ್ತಾರೆ ಅಂತಿಲ್ಲ, ಬೇರೆಯವ್ರೂ ಬರಬಹುದು. ಯಾವತ್ತು ಅಂತ ಹೇಳೋಕಾಗಲ್ಲ."

ತಾಯಿಯ ಕಾರಣದಿಂದ ಒಬ್ಬ ದೊಡ್ಡ ಮನುಷ್ಯ ಮಣ್ಣಿನಲ್ಲಿ ಮಂಡಿಯೂರಬೇಕಾಯಿತಲ್ಲ ಎಂಬ ಸಂಕೋಚ ಅವನ ಮುಖದಲ್ಲಿ ಕಾಣುತ್ತಿತ್ತು.

"ಮುಂಚೆ ಗೊತ್ತಾದ್ರೆ ಒಂದು ಮಾತು ಹೇಳಿಕಳ್ಸಿ ಅಯ್ಯಾ," ಎಂದ. "ಅಬ್ಬೆನ ಹಿಂದಿನ ದಿನವೇ ಹೊತ್ತು ದರೆ ಹತ್ತಿಸಿಬಿಡ್ತೀವಿ. ಅವ್ರಿಗೆ ತ್ರಾಸ ಕೊಡೂದು ಬೇಡ."

ಮುಂದಿನ ಸಲ ಬಂದವರಿಗೆ ಆ ಕೇರಿಯಲ್ಲಿ ಕೆಮ್ಮುವವರೂ ಸಿಗುವುದಿಲ್ಲ, ಸ್ಥಳದಲ್ಲಿ ವಾಸ ಇಲ್ಲ ಎಂದೇ ಬರೆದುಕೊಳ್ಳುತ್ತಾರೆ ಎಂಬುದು ನನ್ನ ಕಣ್ಣಿಗೆ ಕಟ್ಟಿತು. ಮುದುಕಿಯನ್ನು ಕೆಳಗೇ ಬಿಡಿ, ಕಾಲು ನೋಯುವವಳನ್ನು ಒಬ್ಬಳನ್ನೇ ಅಂಗಳದಲ್ಲಿ ಬಿಟ್ಟು ಹೋಗಿ ಎಂದು ಒಬ್ಬ ಮಗನಿಗೆ ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಹೊಸನಗರದ ಬಸ್ಸು ಹಾರ್ನ್ ಹೊಡೆಯಿತು. ಅವನು ಜೇನಿನ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು, ಪಂಚೆ ಎತ್ತಿಕಟ್ಟಿಕೊಂಡು ಓಡಿದ.